ಸೂರು ಹೊದಿಸುವ ಕೈಗೆ ಕಾಗದದ ಬಲ

ಯುಗಾದಿ ಕಳೆದು ಮೃಗಶಿರಾ ಮಳೆ ಹಿಡಿಯುವವರೆಗೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಜನ ನೆಲಕ್ಕಿಂತ ಹೆಚ್ಚು ಮಾಡಿನ ಮೇಲೇ ಇರುತ್ತಾರೆ. ಬೀರೂರಿನ ಕಡೆ ಕೊಬ್ಬರಿ ಅಟ್ಟದ ಒಡೆದ ಹೆಂಚು ತೆಗೆದು ಹೊಸದನ್ನು ಕೂರಿಸುವ ಕೆಲಸ. ಲಕ್ಕವಳ್ಳಿ ದಾರಿಯ ಅಡಿಕೆ ತೋಟದಲ್ಲಿ ಶೆಡ್ಡಿಗೆ ಕಬ್ಬಿಣದ ಟ್ರಸ್ ಏರಿಸುವ ಗಡಿಬಿಡಿ. ಅಜ್ಜಂಪುರದ ಹೊಸ ಬಡಾವಣೆಯಲ್ಲಿ ಮೋಲ್ಡ್ ಹಾಕುವ ದಿನ. ಬೆಳಕು ಹರಿಯುವ ಮೊದಲೇ ಮಿಕ್ಸರ್ ಸದ್ದು ಮಾಡುತ್ತದೆ, ಗಂಡಸರು ಹೆಂಗಸರು ಸಾಲಾಗಿ ನಿಂತು ಬಾಂಡಲಿ ದಾಟಿಸುತ್ತಾರೆ, ಮೇಲೆ ನಿಂತ ಮೇಸ್ತ್ರಿ ಕಾಂಕ್ರೀಟು ಒಣಗುವ ಮೊದಲೇ ಮಟ್ಟ ಹಿಡಿಯುತ್ತಾನೆ.

ಆ ಮೇಸ್ತ್ರಿ ಯಾರೆಂದು ಊರಿಗೆಲ್ಲ ಗೊತ್ತು. ಇಪ್ಪತ್ತು ವರ್ಷದ ಹಿಂದೆ ಅವನು ಹಾಕಿದ ಮೋಲ್ಡ್ ಇನ್ನೂ ತೊಟ್ಟಿಕ್ಕಿಲ್ಲ ಎಂದು ಮನೆಯವರು ಹೇಳುತ್ತಾರೆ. ಆದರೆ ಅದೇ ಊರಿನ ಸರ್ಕಾರಿ ಶಾಲೆಯ ಸೋರುವ ಕೊಠಡಿಗೆ ಶೀಟು ಹೊದಿಸುವ ಕೆಲಸ ಬಂದಾಗ ಅವನು ಅರ್ಜಿ ಹಾಕುವಂತಿಲ್ಲ. ಆ ಕೆಲಸ ಬೇರೆ ಯಾರದೋ ಹೆಸರಿಗೆ ಆಗುತ್ತದೆ, ಅವರ ಕೈಕೆಳಗೆ ಇವನೇ ಕೂಲಿಗೆ ಹೋಗಿ ಅದೇ ಶೀಟು ಹೊದಿಸುತ್ತಾನೆ. ನಡುವೆ ಇರುವುದು ಕೆಲವು ಕಾಗದಗಳು. ಆ ಕಾಗದಗಳು ಯಾವುವು, ಅವನ್ನು ಹೊಂದಿಸಿಕೊಳ್ಳುವುದು ಹೇಗೆ, ಹೊಂದಿಸಿಕೊಂಡರೆ ಏನು ಸಿಗುತ್ತದೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಲೈಸೆನ್ಸ್ ಯಾವುದಕ್ಕೆ ಬೇಕು?

ಛಾವಣಿ ಹಾಕುವವರಿಗೆಂದೇ ಪ್ರತ್ಯೇಕ ಲೈಸೆನ್ಸ್ ಕರ್ನಾಟಕದಲ್ಲಿ ಇಲ್ಲ. ಖಾಸಗಿ ಮನೆಗೆ ಹೆಂಚು ಹೊದಿಸಲು, ಶೆಡ್ಡಿಗೆ ಶೀಟು ಹಾಕಲು, ಮೋಲ್ಡ್ ಹಾಕಲು ಮೇಸ್ತ್ರಿ ಯಾವ ಪರವಾನಗಿಯನ್ನೂ ತೋರಿಸಬೇಕಾಗಿಲ್ಲ. ಅದೇ ಮನೆಯ ವೈರಿಂಗ್‌ಗೆ ಹಾಗಲ್ಲ. ವಿದ್ಯುತ್ ಗುತ್ತಿಗೆದಾರರಿಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ಲೈಸೆನ್ಸ್ ಇರಬೇಕು.

ಬೇರೆ ಕಡೆ ನಿಯಮ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಛಾವಣಿ ಗುತ್ತಿಗೆದಾರರಿಗೆ ‘ಸಿ-39’ ಎಂಬ ಪ್ರತ್ಯೇಕ ಲೈಸೆನ್ಸ್ ಇದೆ. ಅರ್ಜಿದಾರ ಹಿಂದಿನ ಹತ್ತು ವರ್ಷಗಳಲ್ಲಿ ಕನಿಷ್ಠ ನಾಲ್ಕು ವರ್ಷ ನುರಿತ ಕೆಲಸಗಾರನಾಗಿ ದುಡಿದಿರಬೇಕು. ಅದನ್ನು ಕಣ್ಣಾರೆ ಕಂಡವರೊಬ್ಬರು ಬರೆದು ದೃಢೀಕರಿಸಬೇಕು. 25,000 ಡಾಲರ್‌ಗಳ ಬಾಂಡ್ ಕೊಡಬೇಕು. ಕೈಕೆಳಗೆ ಒಬ್ಬ ಆಳೂ ಇಲ್ಲದಿದ್ದರೂ ಕಾರ್ಮಿಕ ಪರಿಹಾರ ವಿಮೆ ಮಾಡಿಸಲೇಬೇಕು.

ನಮ್ಮಲ್ಲಿ ಇಂಥ ಒಂದೇ ಲೈಸೆನ್ಸ್ ಇಲ್ಲದಿದ್ದರೂ ಎರಡು ದಾರಿಗಳಿವೆ. ಕೂಲಿ ಮಾಡುವವರಿಗೆ ಕಟ್ಟಡ ಕಾರ್ಮಿಕರ ನೋಂದಣಿ, ಅಂದರೆ ಎಲ್ಲರೂ ಕರೆಯುವ ಲೇಬರ್ ಕಾರ್ಡ್. ಸರ್ಕಾರಿ ಕೆಲಸವನ್ನು ತನ್ನ ಹೆಸರಿನಲ್ಲೇ ಹಿಡಿಯಬೇಕೆನ್ನುವವರಿಗೆ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ನೋಂದಣಿ. ಊರಲ್ಲಿ ಜನ ‘ಕಂಟ್ರಾಕ್ಟರ್ ಲೈಸೆನ್ಸ್’ ಎನ್ನುವುದು ಈ ಎರಡನೆಯದನ್ನೇ.

ಕೆಲಸ ಕಲಿತದ್ದು ಕೈಯಿಂದ ಕೈಗೆ

ಇಲ್ಲಿನ ಮೇಸ್ತ್ರಿಗಳ ಬಳಿ ಕಾಗದ ಯಾಕಿಲ್ಲ ಎಂಬುದಕ್ಕೆ ಈ ಸೀಮೆಯ ಸೂರುಗಳೇ ಉತ್ತರ ಹೇಳುತ್ತವೆ. ತರೀಕೆರೆಯ ದಕ್ಷಿಣಕ್ಕೆ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು, ಅಲ್ಲಿ ಮಳೆ ಜೋರು, ಮಾಡಿಗೆ ಇಳಿಜಾರು ಕಡಿದಾಗಿರಬೇಕು. ಪೂರ್ವಕ್ಕೆ ಬಂದಂತೆ, ಕಡೂರು ಮತ್ತು ಅಜ್ಜಂಪುರದ ಬಯಲಲ್ಲಿ, ಮಳೆ ಕಡಿಮೆ. ಅಲ್ಲಿ ತೊಲೆ ಜಂತಿಯ ಮೇಲೆ ಮಣ್ಣು ಹಾಸಿದ ಮಾಳಿಗೆ ಮನೆಗಳೂ ಬಾಳಿ ಬಂದಿವೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಒಂದಕ್ಕೊಂದು ಕಚ್ಚಿ ಕೂರುವ ಹೆಂಚು ಘಟ್ಟ ಹತ್ತಿ ಬಂತು. ಆಮೇಲೆ ಸಿಮೆಂಟ್ ಶೀಟು, ತಗಡು, ಆರ್‌ಸಿಸಿ, ಈಗ ಬಣ್ಣದ ಶೀಟು.

ಪ್ರತಿಯೊಂದು ಬದಲಾವಣೆಯನ್ನೂ ಇಲ್ಲಿನ ಕೆಲಸಗಾರರು ಶಾಲೆಯಲ್ಲಲ್ಲ, ಕೆಲಸದ ಜಾಗದಲ್ಲೇ ಕಲಿತರು. ಪಕಾಸಿಗೂ ರೀಪಿಗೂ ಎಷ್ಟು ಅಂತರ ಬಿಡಬೇಕು, ಗಾಳಿ ಬೀಸುವ ದಿಕ್ಕು ನೋಡಿ ಒಂದರ ಮೇಲೊಂದು ಬರುವ ಶೀಟಿನ ಅಂಚನ್ನು ಯಾವ ಕಡೆ ಇಡಬೇಕು, ಸೆಂಟ್ರಿಂಗ್ ಯಾವಾಗ ಬಿಚ್ಚಬೇಕು ಎಂಬುದೆಲ್ಲ ಅಪ್ಪನಿಂದ, ಮಾವನಿಂದ, ಹಿರಿಯ ಮೇಸ್ತ್ರಿಯಿಂದ ಬಂದ ತಿಳಿವಳಿಕೆ. ಲೆಕ್ಕ ಬಾಯಿಮಾತಿನದು, ಸಂಬಳ ಕೈಯಲ್ಲಿ, ಜವಾಬ್ದಾರಿ ನಂಬಿಕೆಯ ಮೇಲೆ. ಹಾಗಾಗಿ ಮೂವತ್ತು ವರ್ಷದ ಅನುಭವಕ್ಕೂ ಒಂದು ಹಾಳೆಯ ಸಾಕ್ಷಿ ಉಳಿದಿರುವುದಿಲ್ಲ. ಅರ್ಜಿ ತುಂಬಲು ಕೂತಾಗ ಎದುರಾಗುವ ನಿಜವಾದ ಕಷ್ಟ ಇದೇ.

ಮೊದಲ ಮೆಟ್ಟಿಲು: ಲೇಬರ್ ಕಾರ್ಡ್

ಕಟ್ಟಡ ಕಾರ್ಮಿಕರಿಗಾಗಿ ಸಂಸತ್ತು 1996ರಲ್ಲಿ ಕಾಯ್ದೆ ಮಾಡಿತು. ಕರ್ನಾಟಕ 2006ರಲ್ಲಿ ನಿಯಮಗಳನ್ನು ರೂಪಿಸಿ, 2007ರಲ್ಲಿ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯನ್ನು ಸ್ಥಾಪಿಸಿತು. ಮಂಡಳಿಯ ಹಣ ಬರುವುದು ನಿರ್ಮಾಣ ವೆಚ್ಚದ ಮೇಲೆ ವಿಧಿಸುವ ಶೇ 1ರ ಸೆಸ್‌ನಿಂದ. ಊರಲ್ಲಿ ಏಳುವ ಕಲ್ಯಾಣ ಮಂಟಪ, ಸರ್ಕಾರಿ ಕಟ್ಟಡ, ಸೇತುವೆ ಎಲ್ಲದರಿಂದಲೂ ಆ ಪಾಲು ಅಲ್ಲಿಗೆ ಹೋಗುತ್ತದೆ. ಅದು ಕಾರ್ಮಿಕರ ಹಕ್ಕಿನ ಹಣ.

ನೋಂದಣಿಗೆ ವಯಸ್ಸು 18ರಿಂದ 60ರ ಒಳಗಿರಬೇಕು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿರಬೇಕು. ಗಾರೆ, ಸೆಂಟ್ರಿಂಗ್, ಬಾರ್ ಬೆಂಡಿಂಗ್, ವೆಲ್ಡಿಂಗ್, ಬಡಗಿ ಕೆಲಸ ಎಲ್ಲವೂ ಇದರೊಳಗೆ ಬರುತ್ತವೆ. ಬಾಂಡಲಿ ಹೊರುವ ಹೆಂಗಸರೂ ಕಟ್ಟಡ ಕಾರ್ಮಿಕರೇ. ತಮಗೆ ಕಾರ್ಡ್ ಸಿಗುವುದಿಲ್ಲವೆಂದು ಎಷ್ಟೋ ಮಂದಿ ತಾವೇ ಅಂದುಕೊಂಡು ಸುಮ್ಮನಿದ್ದಾರೆ.

90 ದಿನ ದುಡಿದದ್ದಕ್ಕೆ ಉದ್ಯೋಗ ದೃಢೀಕರಣ ಪತ್ರ ಬೇಕು. ಕೆಲಸ ಕೊಟ್ಟ ಮನೆ ಮಾಲೀಕ ಅಥವಾ ಗುತ್ತಿಗೆದಾರ, ನೋಂದಾಯಿತ ಕಟ್ಟಡ ಕಾರ್ಮಿಕರ ಸಂಘ, ಪಂಚಾಯಿತಿಯ ಪಿಡಿಒ, ಕಾರ್ಮಿಕ ಇಲಾಖೆಯ ಅಧಿಕಾರಿ ಇವರಲ್ಲಿ ಒಬ್ಬರು ಅದನ್ನು ಕೊಡಬಹುದು. ಅದರೊಂದಿಗೆ ಆಧಾರ್, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಭಾವಚಿತ್ರ, ನಾಮಿನಿಯ ವಿವರ ಬೇಕಾಗುತ್ತವೆ. ಅರ್ಜಿ ಆನ್‌ಲೈನ್‌ನಲ್ಲೇ ಸಲ್ಲಿಕೆಯಾಗುತ್ತದೆ, ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರು ಅದನ್ನು ಪರಿಶೀಲಿಸುತ್ತಾರೆ.

ಕಾರ್ಡ್ ಇದ್ದರೆ ಮಕ್ಕಳ ಓದಿಗೆ, ಹೆರಿಗೆಗೆ, ಮದುವೆಗೆ, ದೊಡ್ಡ ಕಾಯಿಲೆಗೆ ನೆರವು ಸಿಗುತ್ತದೆ. 60 ದಾಟಿದ ಮೇಲೆ ಪಿಂಚಣಿಗೆ ಅರ್ಜಿ ಹಾಕಬಹುದು. ಛಾವಣಿ ಕೆಲಸದವರ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅಪಘಾತ ಪರಿಹಾರ. ಹಳೆಯ ಸಿಮೆಂಟ್ ಶೀಟು ಕಾಲಿಟ್ಟ ಕೂಡಲೇ ಮುರಿದು ಕೆಳಗೆ ಬಿದ್ದರೆ ಆ ಮನೆಯ ದುಡಿಮೆ ಅಲ್ಲಿಗೇ ನಿಲ್ಲುತ್ತದೆ. ಆಗ ಕಾರ್ಡ್ ನವೀಕರಣವಾಗಿರಬೇಕು, ನಾಮಿನಿಯ ಹೆಸರು ಸರಿಯಾಗಿರಬೇಕು. ಬಿದ್ದ ಮೇಲೆ ಕಾರ್ಡ್ ಮಾಡಿಸಲು ಬರುವುದಿಲ್ಲ.

ಕೆಲಸವನ್ನೇ ಮಾಡದವರೂ ಕಾರ್ಡ್ ಪಡೆದ ಪ್ರಕರಣಗಳು ಹೊರಬಂದ ಮೇಲೆ ಪರಿಶೀಲನೆ ಬಿಗಿಯಾಗಿದೆ. ಸುಳ್ಳು ದೃಢೀಕರಣ ಬರೆದುಕೊಡುವವರು ನೆರೆಯವರಿಗೆ ಉಪಕಾರ ಮಾಡಿದೆವು ಎಂದುಕೊಳ್ಳಬಹುದು. ಆದರೆ ಅದರ ಹೊರೆ ಬೀಳುವುದು ಬಿಸಿಲಲ್ಲಿ ನಿಜವಾಗಿ ದುಡಿದವರ ಅರ್ಜಿಯ ಮೇಲೆ.

ಎರಡನೆಯ ಮೆಟ್ಟಿಲು: ಗುತ್ತಿಗೆದಾರನ ನೋಂದಣಿ

ಲೋಕೋಪಯೋಗಿ ಇಲಾಖೆ ಗುತ್ತಿಗೆದಾರರನ್ನು ದರ್ಜೆಗಳಾಗಿ ವಿಂಗಡಿಸಿ ನೋಂದಾಯಿಸುತ್ತದೆ. ಮೊದಲ ದರ್ಜೆ ಎಲ್ಲಕ್ಕಿಂತ ಮೇಲಿನದು, ನಾಲ್ಕನೆಯದು ಹೊಸಬರು ಕಾಲಿಡುವ ಜಾಗ. ಯಾವ ದರ್ಜೆಯವರು ಎಷ್ಟು ಮೊತ್ತದವರೆಗಿನ ಕಾಮಗಾರಿ ಹಿಡಿಯಬಹುದು ಎಂಬ ಮಿತಿಯನ್ನು ಸರ್ಕಾರ ಆಗಾಗ ಪರಿಷ್ಕರಿಸುತ್ತದೆ. ಆದ್ದರಿಂದ ಅರ್ಜಿಗೆ ಮೊದಲು ಇಲಾಖೆಯ ಕಚೇರಿಯಲ್ಲಿ ಸದ್ಯದ ಮಿತಿ, ಶುಲ್ಕ, ಠೇವಣಿ ಎಷ್ಟೆಂದು ಕೇಳಿ ಬರೆದುಕೊಳ್ಳಬೇಕು. ಛಾವಣಿ ಕೆಲಸ ಸಿವಿಲ್ ಕಾಮಗಾರಿಯ ಒಳಗೇ ಬರುತ್ತದೆ.

ಕಾಗದಗಳ ಪಟ್ಟಿ ಮೊದಲ ನೋಟಕ್ಕೆ ಉದ್ದವೆನಿಸುತ್ತದೆ. ಆದರೆ ಅವು ಕೇಳುವುದು ನಾಲ್ಕೇ ಪ್ರಶ್ನೆ.

ನೀನು ಯಾರು? ಇದಕ್ಕೆ ಆಧಾರ್, ಪ್ಯಾನ್, ಭಾವಚಿತ್ರ, ವಿಳಾಸದ ದಾಖಲೆ. ಮೀಸಲಾತಿ ಬಯಸುವವರಿಗೆ ಜಾತಿ ಪ್ರಮಾಣಪತ್ರ. ಪಾಲುದಾರರಿದ್ದರೆ ಪಾಲುದಾರಿಕೆ ಪತ್ರ.

ತೆರಿಗೆಯ ಲೆಕ್ಕದಲ್ಲಿ ಇದ್ದೀಯಾ? ಇದಕ್ಕೆ ಜಿಎಸ್‌ಟಿ ನೋಂದಣಿ ಮತ್ತು ಆದಾಯ ತೆರಿಗೆ ರಿಟರ್ನ್.

ಕೆಲಸ ನಡೆಸುವಷ್ಟು ಹಣಬಲ ಇದೆಯಾ? ಇದಕ್ಕೆ ಸಾಲ್ವೆನ್ಸಿ ಪ್ರಮಾಣಪತ್ರ, ಅಂದರೆ ಅರ್ಜಿದಾರ ಇಷ್ಟು ಮೊತ್ತದ ಹೊಣೆ ಹೊರಬಲ್ಲ ಎಂದು ಬ್ಯಾಂಕು ಬರೆದುಕೊಡುವ ಪತ್ರ. ಖಾತೆಯ ವಹಿವಾಟು ಮತ್ತು ಆಸ್ತಿಯನ್ನು ನೋಡಿ ಬ್ಯಾಂಕು ಇದನ್ನು ಕೊಡುತ್ತದೆ. ಬಂದ ಹಣವನ್ನೆಲ್ಲ ನಗದಾಗಿಯೇ ಖರ್ಚು ಮಾಡಿದವರಿಗೆ ಇಲ್ಲಿಯೇ ತೊಡಕು.

ಕೆಲಸ ಬರುತ್ತದೆಯಾ? ಇದಕ್ಕೆ ಹಿಂದೆ ಮಾಡಿದ ಕಾಮಗಾರಿಗಳ ಪ್ರಮಾಣಪತ್ರ. ಮೇಲಿನ ದರ್ಜೆಗೆ ಹೋದಂತೆ ಈ ಪ್ರಶ್ನೆ ಗಟ್ಟಿಯಾಗುತ್ತದೆ, ಯಂತ್ರೋಪಕರಣ ಮತ್ತು ತಾಂತ್ರಿಕ ಸಿಬ್ಬಂದಿಯ ವಿವರವನ್ನೂ ಕೇಳುತ್ತಾರೆ.

ಇದರ ಜೊತೆಗೆ ಛಾಪಾಕಾಗದದ ಮೇಲೆ ನೋಟರಿ ಮಾಡಿಸಿದ ಅಫಿಡವಿಟ್ ಇರುತ್ತದೆ. ಅದರಲ್ಲಿ ಬರೆದಿರುವುದನ್ನು ಓದಿ, ಓದಲು ಬಾರದಿದ್ದರೆ ನಂಬಿಕೆಯವರಿಂದ ಓದಿಸಿ ತಿಳಿದೇ ಸಹಿ ಮಾಡಬೇಕು.

ಹೆಸರು ಎಲ್ಲ ಕಡೆ ಒಂದೇ ಇರಲಿ

ಅರ್ಜಿಗಳು ಹಿಂದಕ್ಕೆ ಬರಲು ಸಾಮಾನ್ಯ ಕಾರಣ ಅರ್ಹತೆಯ ಕೊರತೆಯಲ್ಲ, ಹೆಸರಿನ ವ್ಯತ್ಯಾಸ. ನಮ್ಮಲ್ಲಿ ಹೆಸರಿನ ಮುಂದೆ ಊರಿನ ಅಥವಾ ತಂದೆಯ ಹೆಸರಿನ ಇನಿಷಿಯಲ್ ಇರುತ್ತದೆ. ಪ್ಯಾನ್ ಕಾರ್ಡಿನಲ್ಲಿ ಅದೇ ಬಿಡಿಸಿ ಬರೆದ ಪೂರ್ತಿ ಹೆಸರಾಗುತ್ತದೆ. ಅಂಕಪಟ್ಟಿಯಲ್ಲಿ ‘ಪ್ಪ’ ಇದ್ದದ್ದು ಪಾಸ್‌ಬುಕ್ಕಿನಲ್ಲಿ ಮಾಯ. ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ಕನ್ನಡದ ಒಂದೇ ಹೆಸರು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆಸಿಕೊಂಡಿರುತ್ತದೆ.

ಮನುಷ್ಯರ ಕಣ್ಣಿಗೆ ಇವು ಒಬ್ಬನದೇ ಹೆಸರುಗಳು, ಕಂಪ್ಯೂಟರಿಗೆ ಮೂವರು ಬೇರೆ ಬೇರೆ ವ್ಯಕ್ತಿಗಳು. ಆದ್ದರಿಂದ ಯಾವ ನಮೂನೆಯನ್ನೂ ಮುಟ್ಟುವ ಮೊದಲು ಆಧಾರ್, ಪ್ಯಾನ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ಹೋಲಿಸಬೇಕು. ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರಬೇಕು, ಇಲ್ಲದಿದ್ದರೆ ಒಟಿಪಿ ಬಾರದೆ ಕೆಲಸ ಅಲ್ಲೇ ನಿಲ್ಲುತ್ತದೆ. ತಿದ್ದುಪಡಿಗೆ ಬೇಕಾಗುವ ಸಮಯವನ್ನು ಲೆಕ್ಕಕ್ಕೆ ಇಟ್ಟುಕೊಂಡು, ಟೆಂಡರ್ ಹೊರಡುವ ಕಾಲಕ್ಕಿಂತ ಬಹಳ ಮೊದಲೇ ಶುರು ಮಾಡಬೇಕು.

ಅನುಭವಕ್ಕೆ ಸಾಕ್ಷಿ ಹುಟ್ಟುವುದು ಕೆಲಸದ ದಿನವೇ

ಅರ್ಜಿ ನಮೂನೆ ತುಂಬುವುದು ಈ ದಾರಿಯ ಕೊನೆಯ ಹಂತ. ಕೆಲಸ ಮುಗಿದು ವರ್ಷಗಳಾದ ಮೇಲೆ ಹಳೆಯ ಮಾಲೀಕರನ್ನು ಹುಡುಕಿಕೊಂಡು ಹೋದರೆ ಮನೆ ಮಾರಿರುತ್ತಾರೆ, ಬೆಂಗಳೂರು ಸೇರಿರುತ್ತಾರೆ. ಆದ್ದರಿಂದ ಪ್ರತಿ ಕೆಲಸಕ್ಕೂ ಅದೇ ವೇಳೆಗೆ ಒಂದು ಚಿಕ್ಕ ಕಡತ ಬೇಕು.

ಅದರಲ್ಲಿ ಇರಬೇಕಾದ್ದು ಇಷ್ಟು: ಕೆಲಸ ಯಾರದು, ಯಾವ ಊರು, ಎಷ್ಟು ಚದರಡಿ, ಹೆಂಚೋ ಶೀಟೋ ಮೋಲ್ಡೋ, ಶುರುವಾದ ದಿನ, ಮುಗಿದ ದಿನ, ಒಪ್ಪಿದ ಮೊತ್ತ. ಕೊನೆಯಲ್ಲಿ ಮಾಲೀಕರ ಸಹಿ. ಸಾಮಾನು ತಂದ ಅಂಗಡಿಯ ಬಿಲ್ಲು. ಕೆಲಸಕ್ಕೆ ಮೊದಲು ಮತ್ತು ಮುಗಿದ ಮೇಲೆ ಮೊಬೈಲ್‌ನಲ್ಲಿ ತೆಗೆದ ಒಂದೊಂದು ಚಿತ್ರ. ಹಣದಲ್ಲಿ ಒಂದಷ್ಟಾದರೂ ಬ್ಯಾಂಕ್ ಖಾತೆಗೆ ಬಂದಿದ್ದರೆ ಅದಕ್ಕಿಂತ ಬಲವಾದ ದಾಖಲೆ ಇನ್ನೊಂದಿಲ್ಲ. ಕೂಲಿಗಳ ಹಾಜರಿ ಪುಸ್ತಕವನ್ನೂ ಇಟ್ಟರೆ ಅವರ 90 ದಿನದ ದೃಢೀಕರಣಕ್ಕೆ ಅದೇ ಆಧಾರ. ಮೇಸ್ತ್ರಿಯ ಕಡತ ಹೀಗೆ ಅವನ ತಂಡದವರಿಗೂ ಕಾಪು.

ಖಾಸಗಿ ಮನೆಗಳ ಇಂಥ ಪತ್ರಗಳು ಸರ್ಕಾರಿ ಕಾಮಗಾರಿಯ ಪ್ರಮಾಣಪತ್ರದಷ್ಟು ತೂಗದಿರಬಹುದು. ಆದರೂ ಬ್ಯಾಂಕಿನಲ್ಲಿ ಸಾಲ ಕೇಳುವಾಗ, ಆದಾಯ ತೆರಿಗೆ ಲೆಕ್ಕ ಕೊಡುವಾಗ, ಜಗಳ ಬಂದಾಗ ಅವೇ ಮಾತನಾಡುತ್ತವೆ. ಸಣ್ಣ ಉದ್ಯಮವಾಗಿ ಗುರುತಿಸಿಕೊಳ್ಳಲು 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯೂ ಇದೆ. ಅದಕ್ಕೆ ಸರ್ಕಾರಿ ಶುಲ್ಕವಿಲ್ಲ, ಆಧಾರ್ ಆಧರಿಸಿ ಸ್ವಯಂ ಘೋಷಣೆಯ ಮೇಲೆ ಆಗುತ್ತದೆ. ಇದಕ್ಕೂ ನೂರಾರು ರೂಪಾಯಿ ಸುರಿಯುವವರಿದ್ದಾರೆ, ಸುರಿಯಬೇಕಾಗಿಲ್ಲ.

ಡಿಜಿಟಲ್ ಸಹಿ ನಿಮ್ಮ ಕೈಯಲ್ಲೇ ಇರಲಿ

ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆ ತರಲೆಂದು ಕರ್ನಾಟಕ 1999ರಲ್ಲಿ ಕಾಯ್ದೆ ಮಾಡಿತು. ಟೆಂಡರ್‌ಗಳು ಈಗ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ನಡೆಯುತ್ತವೆ. ಅಲ್ಲಿ ಭಾಗವಹಿಸಲು ಮೂರನೆಯ ವರ್ಗದ ಡಿಜಿಟಲ್ ಸಹಿ ಪ್ರಮಾಣಪತ್ರ ಬೇಕು. ಪೆನ್‌ಡ್ರೈವ್‌ನಂತೆ ಕಾಣುವ ಟೋಕನ್‌ನಲ್ಲಿ ಅದು ಇರುತ್ತದೆ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಈ ಸಹಿಗೂ ಕೈಯಿಂದ ಮಾಡಿದ ಸಹಿಗೂ ಕಾನೂನಿನ ಬೆಲೆ ಒಂದೇ. ಹಾಗಿದ್ದರೂ ಟೋಕನ್ ಮತ್ತು ಅದರ ಪಾಸ್‌ವರ್ಡ್ ಎರಡನ್ನೂ ಸೈಬರ್ ಸೆಂಟರ್‌ನವರ ಬಳಿ ಬಿಟ್ಟುಬರುವ ರೂಢಿ ಇದೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಂತೆ ಅದು. ಅರ್ಜಿ ತುಂಬಲು ಇನ್ನೊಬ್ಬರ ನೆರವು ಪಡೆಯುವುದರಲ್ಲಿ ತಪ್ಪಿಲ್ಲ. ಸಹಿ ಮಾಡುವಾಗ ಮಾತ್ರ ಪಕ್ಕದಲ್ಲೇ ಕೂತಿದ್ದು, ಮುಗಿದ ಮೇಲೆ ಟೋಕನ್ ಜೇಬಿಗೆ ಹಾಕಿಕೊಂಡು ಬರಬೇಕು.

ಇದೇ ಮಾತು ತನ್ನ ಲೈಸೆನ್ಸನ್ನು ಬೇರೆಯವರಿಗೆ ‘ಬಾಡಿಗೆಗೆ’ ಕೊಡುವುದಕ್ಕೂ ಸಲ್ಲುತ್ತದೆ. ಕೆಲಸ ಕೆಟ್ಟರೆ ಇಲಾಖೆ ನೋಟಿಸ್ ಕಳಿಸುವುದು ಲೈಸೆನ್ಸ್ ಇರುವವನ ಹೆಸರಿಗೆ. ದೋಷ ಸರಿಪಡಿಸುವ ಹೊಣೆ, ಕಪ್ಪುಪಟ್ಟಿಯ ಕಳಂಕ ಎಲ್ಲವೂ ಅವನದೇ.

ಬಿಲ್ಲಿನಲ್ಲಿ ಏನೇನು ಕಡಿತ?

ನೋಂದಣಿ ಸಿಕ್ಕ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಟೆಂಡರ್‌ಗೆ ಮುಂಗಡ ಠೇವಣಿ ಕಟ್ಟಬೇಕು, ಇಲಾಖೆಯ ದರಪಟ್ಟಿ ನೋಡಿ ತನ್ನ ಖರ್ಚು ಲೆಕ್ಕ ಹಾಕಬೇಕು. ಕೆಲವು ಕಾಮಗಾರಿಗಳು ಜನ ಇನ್ನೂ ಭೂಸೇನಾ ನಿಗಮ ಎನ್ನುವ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮಕ್ಕೆ, ನಿರ್ಮಿತಿ ಕೇಂದ್ರಕ್ಕೆ ಹೋಗುತ್ತವೆ ಎಂಬುದೂ ಗೊತ್ತಿರಬೇಕು.

ಲೆಕ್ಕ ತಿಳಿಯದೆ ದರ ಹಾಕಿದವರು ಕೈ ಸುಟ್ಟುಕೊಳ್ಳುತ್ತಾರೆ. ರಾಜ್ಯ ಸರ್ಕಾರದ ಕಾಮಗಾರಿಗಳ ಮೇಲಿನ ಜಿಎಸ್‌ಟಿ 2022ರ ಜುಲೈ 18ರಿಂದ ಶೇ 12ರಿಂದ ಶೇ 18ಕ್ಕೆ ಏರಿತು. ಜಿಎಸ್‌ಟಿ ಬಿಟ್ಟು 3 ಲಕ್ಷ ರೂಪಾಯಿಯ ಛಾವಣಿ ಕೆಲಸವೊಂದನ್ನು ತೆಗೆದುಕೊಳ್ಳೋಣ. ಗುತ್ತಿಗೆದಾರ ಒಬ್ಬ ವ್ಯಕ್ತಿಯಾಗಿದ್ದರೆ ಆದಾಯ ತೆರಿಗೆಯ ಮೂಲ ಕಡಿತ ಶೇ 1, ಅಂದರೆ 3,000 ರೂ. ಗುತ್ತಿಗೆ ಎರಡೂವರೆ ಲಕ್ಷ ಮೀರಿರುವುದರಿಂದ ಜಿಎಸ್‌ಟಿಯ ಮೂಲ ಕಡಿತ ಶೇ 2, ಅಂದರೆ 6,000 ರೂ. ಕಾರ್ಮಿಕ ಸೆಸ್ ಶೇ 1, ಮತ್ತೆ 3,000 ರೂ. ಒಟ್ಟು 12,000 ರೂ. ಕಡಿತ. ಇದಲ್ಲದೆ ಭದ್ರತಾ ಠೇವಣಿ ದೋಷ ಹೊಣೆಯ ಅವಧಿ ಮುಗಿಯುವವರೆಗೆ ಇಲಾಖೆಯಲ್ಲೇ ಉಳಿಯುತ್ತದೆ.

ಇದರಲ್ಲಿ ಮೊದಲ ಎರಡು ಕಡಿತಗಳು ಗುತ್ತಿಗೆದಾರನ ಲೆಕ್ಕಕ್ಕೆ ಜಮೆಯಾಗುತ್ತವೆ. ರಿಟರ್ನ್ ಸಲ್ಲಿಸಿದರೆ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ಹಿಂದಕ್ಕೆ ಪಡೆಯಬಹುದು. ಸಲ್ಲಿಸದಿದ್ದರೆ ಅದು ಹೋದ ಹಣ. ಬಿಲ್ಲು ತಡವಾದರೂ ಕೂಲಿಯವರಿಗೆ ವಾರದ ಬಟವಾಡೆ ನಿಲ್ಲಿಸುವಂತಿಲ್ಲ. ಸಣ್ಣ ಕೆಲಸದಿಂದ ಶುರುಮಾಡಿ ಎಂದು ಅನುಭವಸ್ಥರು ಹೇಳುವುದು ಇದಕ್ಕಾಗಿಯೇ.

ಹೊಸಬರಿಗೆ ಕಾನೂನು ಕೆಲವು ಬಾಗಿಲು ತೆರೆದಿದೆ. ಪರಿಶಿಷ್ಟ ಜಾತಿಯವರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಕಾಮಗಾರಿಗಳು ಮೀಸಲು. 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಿಗೆ ಇದ್ದ ಈ ಮೀಸಲಾತಿಯ ಮಿತಿ 2023ರಲ್ಲಿ 1 ಕೋಟಿಗೆ ಏರಿತು. ಆಮೇಲೆ ಹಿಂದುಳಿದ ಪ್ರವರ್ಗ 1 ಮತ್ತು 2ಎಗೂ ಅದು ವಿಸ್ತರಿಸಿತು. ಆದರೆ ಮೀಸಲು ಕಾಮಗಾರಿಗೂ ನೋಂದಾಯಿತ ಗುತ್ತಿಗೆದಾರನೇ ಬೇಕು. ಕಡೂರು ಬಯಲಿನ, ತರೀಕೆರೆ ತಾಂಡಾಗಳ ನುರಿತ ಮೇಸ್ತ್ರಿಗಳು ನೋಂದಣಿ ಇಲ್ಲದೆ ಹೊರಗೇ ಉಳಿದರೆ ಆ ಪಾಲು ಅವರ ಊರಿಗೆ ಬರುವುದಿಲ್ಲ.

ಎಲ್ಲಿ ಹೋಗಬೇಕು, ಏನು ಕೇಳಬೇಕು

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಇದೆ. ಹಳ್ಳಿಗಳಲ್ಲಿ ಗ್ರಾಮ ಒನ್ ಕೇಂದ್ರಗಳಿವೆ. ಕಾರ್ಮಿಕ ಸಹಾಯವಾಣಿಯ ಸಂಖ್ಯೆ 155214. ಸಕಾಲ ವ್ಯಾಪ್ತಿಯ ಸೇವೆಗೆ ಅರ್ಜಿ ಕೊಟ್ಟಾಗ ಸ್ವೀಕೃತಿ ಸಂಖ್ಯೆ ಸಿಗುತ್ತದೆ. ಅದನ್ನು ಕೇಳಿ ಪಡೆಯದೆ ಕೌಂಟರ್ ಬಿಡಬಾರದು. 2011ರ ಸಕಾಲ ಕಾಯ್ದೆಯಂತೆ ನಿಗದಿತ ದಿನದೊಳಗೆ ಸೇವೆ ಸಿಗದಿದ್ದರೆ ಮೇಲ್ಮನವಿ ಸಲ್ಲಿಸುವ ಹಕ್ಕಿದೆ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಬೇಕು. ಬರಹದಲ್ಲಿರುವ ಕಾರಣಕ್ಕೆ ಮಾತ್ರ ಬರಹದಲ್ಲಿ ಉತ್ತರ ಕೊಡಲು ಬರುತ್ತದೆ.

ತರೀಕೆರೆಯಿಂದ ಬೇರ್ಪಟ್ಟು ಅಜ್ಜಂಪುರ ತಾಲ್ಲೂಕಾದದ್ದು 2018ರಲ್ಲಿ. ಕಚೇರಿ ಹತ್ತಿರ ಬಂದದ್ದರಿಂದ ಒಂದು ದಿನದ ಕೂಲಿ ಉಳಿಯಿತು ಎನ್ನುವುದು ಸಣ್ಣ ಲಾಭವಲ್ಲ. ಇನ್ನು ಕಚೇರಿಗಳು ಒಂದು ಹೆಜ್ಜೆ ಮುಂದೆ ಬರಬೇಕು. ಕೆಲಸ ಕಡಿಮೆಯಿರುವ ಮಳೆಗಾಲದಲ್ಲಿ ಕಾರ್ಮಿಕ ಇಲಾಖೆ, ಬ್ಯಾಂಕು, ಲೋಕೋಪಯೋಗಿ ಇಲಾಖೆ ಒಟ್ಟಿಗೆ ಕೂತು ಹೋಬಳಿಗೊಂದು ಶಿಬಿರ ಮಾಡಿದರೆ ಒಂದೇ ದಿನ ಹೆಸರಿನ ತಿದ್ದುಪಡಿ, ದೃಢೀಕರಣ, ಅರ್ಜಿಯ ಮಾಹಿತಿ ಎಲ್ಲ ಸಿಗುತ್ತವೆ. ಬೇಕಾದ ಕಾಗದಗಳ ಪಟ್ಟಿಯನ್ನು ಸರಳ ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ, ಶೀಟು ಸಿಮೆಂಟು ಮಾರುವ ಅಂಗಡಿಗೆ ಅಂಟಿಸಲು ಹೆಚ್ಚು ಖರ್ಚೇನೂ ಬೇಡ.

ಮನೆ ಕಟ್ಟಿಸುವ ನಮ್ಮ ಪಾಲೂ ಇದೆ. ಮೇಸ್ತ್ರಿ ಕೇಳುವ ಮೊದಲೇ ಕೆಲಸ ಮುಗಿದ ದಿನ ಒಂದು ಹಾಳೆಯಲ್ಲಿ ವಿವರ ಬರೆದು ಸಹಿ ಹಾಕಿ ಕೊಡೋಣ, ಹಣವನ್ನು ಅವನ ಖಾತೆಗೆ ಹಾಕೋಣ. ನಮಗೆ ಐದು ನಿಮಿಷದ ಕೆಲಸ. ಅವನಿಗೆ ಅದು ಮುಂದಿನ ವರ್ಷದ ಬೇಸಿಗೆಯಲ್ಲಿ ತನ್ನೂರ ಶಾಲೆಯ ಸೂರಿಗೆ ತನ್ನದೇ ಹೆಸರಿನಲ್ಲಿ ಟೆಂಡರ್ ಹಾಕಲು ಬೇಕಾದ ಮೊದಲ ಕಾಗದ.